ಬಲೆ ಇಳಿಸಿ ಹಾಸಿಗೆ ಹಾಸುವ ಮುನ್ನ

ಹಿಂದಿನ ಸಂಚಿಕೆಯಲ್ಲಿ ನಾನು ಹಳೆಯ ಮೀನುಗಾರಿಕೆ ಬೋಟೊಂದನ್ನು ಕೊಂಡು ಅದರಲ್ಲೇ ವಾಸಕ್ಕಿಳಿದ ಕತೆ ಬರೆದಿದ್ದೆ. ಪತ್ರಗಳು ಸಾಕಷ್ಟು ಬಂದವು. ಅರ್ಧದಷ್ಟು ಜನ ಕಿಟಕಿ ಪರದೆ, ಅಡುಗೆಮನೆಯ ಅಳತೆ, ಸೋಫಾ ಇಷ್ಟರ ಬಗ್ಗೆಯೇ ಕೇಳಿದ್ದಾರೆ. ಅವರಿಗೆ ಮುಂದೊಮ್ಮೆ ಬರೆಯುತ್ತೇನೆ, ಬರೆಯದೆಯೂ ಇರಬಹುದು. ಬೋಟಿನ ಬಗ್ಗೆ ಕೇಳಿದವರಿಗೆ ಇಲ್ಲಿದೆ ಉತ್ತರ.

ಪ್ರಶ್ನೆ: 14 ಮೀಟರ್ ಉದ್ದದ ಕಬ್ಬಿಣದ ಟ್ರಾಲರ್ ಒಂದು ನಮಗೆ ಕಡಿಮೆ ಬೆಲೆಗೆ ಸಿಗುವ ಹಾಗಿದೆ. ಈಗಷ್ಟೇ ಬಣ್ಣ ಬಳಿದಿದ್ದಾರೆ, ನೋಡಲು ಚೆನ್ನಾಗಿದೆ. ಮೊದಲು ಏನನ್ನು ಪರೀಕ್ಷೆ ಮಾಡಬೇಕು?

ಮೊದಲು ಆ ಹೊಸ ಬಣ್ಣವನ್ನೇ ಅನುಮಾನಿಸಿ. ಮಾರುವ ಬೋಟಿಗೆ ಯಾರೂ ಸುಮ್ನೆ ಬಣ್ಣ ಬಳಿಯುವುದಿಲ್ಲ.

ಕಬ್ಬಿಣದ ಬೋಟಿಗೆ ಹೊರಗಿನ ತುಕ್ಕಿಗಿಂತ ಒಳಗಿನ ತುಕ್ಕೇ ಶತ್ರು. ಹೊರಗಡೆ ಬಣ್ಣವಿದೆ, ಕಬ್ಬಿಣದ ಬದಲು ತಾನು ಸವೆದು ಅದನ್ನು ಉಳಿಸುವ ಸತುವಿನ ತುಂಡು, ಅಂದರೆ ಆನೋಡ್ ಇದೆ, ದಡಕ್ಕೆ ಎಳೆದಾಗಲೆಲ್ಲ ಯಾರಾದರೂ ಕಣ್ಣು ಹಾಯಿಸುತ್ತಾರೆ. ಒಳಗಡೆ, ಅದರಲ್ಲೂ ಮೀನು ತುಂಬುವ ಹೋಲ್ಡಿನಲ್ಲಿ, ಕಬ್ಬಿಣದ ಮೇಲೆ ಫೋಮ್, ಫೋಮಿನ ಮೇಲೆ ಹಲಗೆ ಅಥವಾ ಫೈಬರ್. ಇಪ್ಪತ್ತು ಮೂವತ್ತು ವರ್ಷ ಐಸ್ ಕರಗಿದ ನೀರು, ಉಪ್ಪು, ಮೀನಿನ ರಕ್ತ ಎಲ್ಲಾ ಸೇರಿ ಆ ಫೋಮಿನೊಳಗೆ ಇಳಿದು ಅಲ್ಲೇ ನಿಂತಿರುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಕೊಳ್ಳುವಾಗ ಹೋಲ್ಡ್ ಬೆಳ್ಳಗೆ, ಆಸ್ಪತ್ರೆಯ ಹಾಗೆ ಹೊಳೆಯುತ್ತಿತ್ತು. ಕೊಂಡು ಎರಡು ತಿಂಗಳ ಮೇಲೆ ಫೋಮ್ ಕಿತ್ತು ಸುತ್ತಿಗೆಯಲ್ಲಿ ತಟ್ಟಿದೆ. ಟಣ್ ಅನ್ನಬೇಕಾದ ಜಾಗದಲ್ಲಿ ಡಬ್ ಅಂತು. ಇನ್ನೊಂದು ಪೆಟ್ಟಿಗೆ ಸುತ್ತಿಗೆಯ ತುದಿ ಒಳಗೇ ಹೋಯಿತು. ಬೋಟು ದಡದ ಮೇಲಿತ್ತು, ಬದುಕಿದೆ.

ಹಾಗಾಗಿ ನಿಮ್ಮ ಖರ್ಚಿನಲ್ಲಿ, ನೀವೇ ಆರಿಸಿದ ಸರ್ವೇಯರ್‌ನಿಂದ (ಬೋಟು ಪರೀಕ್ಷಿಸುವ ತಜ್ಞನಿಂದ) ಅಲ್ಟ್ರಾಸೌಂಡ್ ಮೀಟರ್ ಹಿಡಿಸಿ ಪ್ಲೇಟಿನ ದಪ್ಪ ಅಳತೆ ಮಾಡಿಸಿ. ಮಾರುವವರು ಪರಿಚಯಿಸಿದ ಸರ್ವೇಯರ್ ಬೇಡ. ಹತ್ತು ಕಡೆ ಅಳೆದರೆ ಸಾಲದು, ಹೋಲ್ಡಿನ ಕೆಳಭಾಗ, ನೀರಿನ ಗೆರೆಯ ಆಚೀಚೆ, ಇಂಜಿನ್ ಕೆಳಗಿನ ಬಿಲ್ಜ್ (ಸೋರಿದ ನೀರು ಬಂದು ನಿಲ್ಲುವ ತಳ), ಟ್ಯಾಂಕುಗಳ ತಳ ಎಲ್ಲಾ ಕಡೆ ನೂರಾರು ಅಳತೆ ಬೇಕು. ಮೊದಲು 6 ಮಿ.ಮೀ. ಇದ್ದ ಪ್ಲೇಟು ಈಗ 4.5ಕ್ಕೆ ಇಳಿದಿದ್ದರೆ ಕಾಲು ಭಾಗ ಹೋದ ಹಾಗೆ, ಅಂಥ ಕಡೆ ಕತ್ತರಿಸಿ ಹೊಸ ಪ್ಲೇಟು ಹಾಕಲೇಬೇಕು. ಹಳೆಯ ಪ್ಲೇಟಿನ ಮೇಲೆಯೇ ಇನ್ನೊಂದನ್ನು ವೆಲ್ಡ್ ಮಾಡಿ ಮುಚ್ಚಿದ ತೇಪೆಗಳು ಎಷ್ಟಿವೆ ಎಣಿಸಿ. ಎರಡರ ನಡುವೆ ತೇವ ನಿಂತು ತುಕ್ಕು ಒಳಗೊಳಗೇ ಬೆಳೆಯುತ್ತದೆ. ಇನ್ಶೂರೆನ್ಸ್‌ನವರಿಗೂ ತೇಪೆ ಕಂಡರೆ ಆಗುವುದಿಲ್ಲ.

ಮರದ ಬೋಟು ನೋಡುತ್ತಿರುವವರಿಗೆ ಒಂದು ಮಾತು. ಮರ ಕೊಳೆಯುವುದು ಉಪ್ಪುನೀರಿಗಲ್ಲ, ಸಿಹಿನೀರಿಗೆ. ಡೆಕ್ಕಿನ ಸಂದಿಯಿಂದ ಇಳಿದ ಮಳೆನೀರು ಮತ್ತು ಹೋಲ್ಡಿನಲ್ಲಿ ಕರಗಿದ ಐಸ್, ಈ ಎರಡು ಹರಿದ ದಾರಿ ಹಿಡಿದು ಚೂಪಾದ ದಬ್ಬಳದಿಂದ ಚುಚ್ಚುತ್ತಾ ಹೋಗಿ. ಮೆತ್ತಗೆ ಇಳಿದರೆ ಕೊಳೆತಿದೆ. ಫೈಬರ್ ಬೋಟಾದರೆ ಡೆಕ್ಕನ್ನು ತಟ್ಟಿ ನೋಡಿ, ಒಳಗೆ ಹಾಕಿದ ಪ್ಲೈವುಡ್ ನೆನೆದಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ.

ಇಂಜಿನ್ ನೋಡಲು ಹೋದಾಗ ಮೊದಲು ಕೈಯಿಟ್ಟು ಬಿಸಿ ಇದೆಯಾ ನೋಡಿ. ಬಿಸಿ ಇದ್ದರೆ ನಿಮಗಿಂತ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ಇನ್ನೊಂದು ದಿನ ಹೇಳದೆ ಹೋಗಿ. ತಣ್ಣಗಿರುವಾಗ ಸ್ಟಾರ್ಟ್ ಆಗುವ ರೀತಿ, ಹೊಗೆಯ ಬಣ್ಣ ಎರಡೂ ಬಾಯಿ ಬಿಟ್ಟು ಹೇಳುತ್ತವೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಕಪ್ಪಾದರೆ ಗಾಳಿ ಸಾಲುತ್ತಿಲ್ಲ ಇಲ್ಲವೇ ಭಾರ ಜಾಸ್ತಿ, ಬಿಳಿ ಹೊಗೆ ನಿಲ್ಲದೇ ಇದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ಒಳಗೆ ನೀರು ಸೇರುತ್ತಿದೆ.

ಪ್ರಶ್ನೆ: ಮೀನಿನ ವಾಸನೆ ಹೋಗುತ್ತದಾ? ನಿಜ ಹೇಳಿ.

ಹೋಗುತ್ತದೆ. ಆದರೆ ಬಣ್ಣ ಬಳಿದರೆ ಹೋಗಲ್ಲ, ಊದುಬತ್ತಿಗಂತೂ ಇಲ್ಲವೇ ಇಲ್ಲ.

ಹಳಸಿದ ಮೀನಿನ ಆ ವಾಸನೆ ಹೆಚ್ಚಾಗಿ ಟ್ರೈಮೀಥೈಲಮೀನ್ ಎಂಬ ವಸ್ತುವಿನದ್ದು. ಸಮುದ್ರದ ಮೀನಿನ ಮೈಯಲ್ಲಿರುವ ಒಂದು ಸಂಯುಕ್ತವನ್ನು ಬ್ಯಾಕ್ಟೀರಿಯಾ ಒಡೆದಾಗ ಅದು ಹುಟ್ಟುತ್ತದೆ. ಅದು ಕ್ಷಾರ ಗುಣದ್ದು, ಆದ್ದರಿಂದ ಹುಳಿ ಬಿದ್ದರೆ ಅದು ಉಪ್ಪಾಗಿ ಬದಲಾಗಿ ಗಾಳಿಗೆ ಏಳುವುದನ್ನು ಬಿಡುತ್ತದೆ. ಮೀನು ಮುಟ್ಟಿದ ಕೈಗೆ ನಿಂಬೆ ಉಜ್ಜುತ್ತೇವಲ್ಲ, ಅದೇ ಲೆಕ್ಕ. ಮೊದಲು ಹಳೆಯ ಫೋಮ್, ಹಲಗೆ ಎಲ್ಲಾ ಕಿತ್ತು ಬಿಸಾಕಿ. ಒಂದು ಚೂರೂ ಉಳಿಸಬೇಡಿ, ಉಳಿಸಿದ ಚೂರೇ ಸೆಖೆ ಬಂದಾಗಲೆಲ್ಲ ನೆನಪು ಮಾಡುತ್ತದೆ. ಆಮೇಲೆ ಸೋಪು ಹಾಕಿದ ಬಿಸಿನೀರಿನ ಪ್ರೆಶರ್ ವಾಶ್. ಜಿಡ್ಡು ಹೋದ ಮೇಲೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ನೀರಿನಲ್ಲಿ ತೊಳೆದು, ಮತ್ತೆ ಬರೀ ನೀರಲ್ಲಿ ತೊಳೆದು, ವಾರಗಟ್ಟಲೆ ಗಾಳಿಯಾಡಲು ಬಿಡಿ. ಹುಳಿ ಹಾಕಿದ ಕಡೆ ಬ್ಲೀಚ್ ಮಾತ್ರ ಹಾಕಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ವಾಸನೆಗಿಂತ ದೊಡ್ಡ ವಿಷಯ ಇನ್ನೊಂದಿದೆ, ನೀವು ಕೇಳದಿದ್ದರೂ ಹೇಳುತ್ತೇನೆ. ಬಹಳ ದಿನ ಮುಚ್ಚಿಟ್ಟ ಹೋಲ್ಡಿಗೆ, ಖಾಲಿ ಟ್ಯಾಂಕಿಗೆ ಹಾಗೇ ಇಳಿಯಬೇಡಿ. ಕೊಳೆತ ಮೀನಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆಯದು. ಆದರೆ ಪ್ರಮಾಣ ಜಾಸ್ತಿಯಾದರೆ ಮೂಗು ಸತ್ತ ಹಾಗಾಗಿ ವಾಸನೆಯೇ ಗೊತ್ತಾಗುವುದಿಲ್ಲ, ವಾಸನೆ ಹೋಯಿತು ಎಂದುಕೊಂಡವನು ಅಲ್ಲೇ ಬೀಳುತ್ತಾನೆ. ಏನೂ ಕೊಳೆಯದಿದ್ದರೂ ಮುಚ್ಚಿದ ಜಾಗದಲ್ಲಿ ತುಕ್ಕು ಹಿಡಿಯುವ ಕಬ್ಬಿಣವೇ ಗಾಳಿಯ ಆಮ್ಲಜನಕವನ್ನು ತಿಂದುಬಿಟ್ಟಿರುತ್ತದೆ. ಹೊರಗಿನ ಗಾಳಿಯಲ್ಲಿ 20.9 ಶೇಕಡಾ ಇರುವ ಆಮ್ಲಜನಕ 19.5ಕ್ಕಿಂತ ಕೆಳಗಿದ್ದರೆ ಇಳಿಯಬಾರದು. ಹ್ಯಾಚ್, ಅಂದರೆ ಹೋಲ್ಡಿನ ಮುಚ್ಚಳ ತೆಗೆದು, ಬ್ಲೋವರ್ ಹಾಕಿ, ಗ್ಯಾಸ್ ಮೀಟರ್ ಇಳಿಬಿಟ್ಟು ನೋಡಿ, ಮೇಲೊಬ್ಬರು ನಿಂತಿರಲಿ. ಕೆಳಗೆ ಬಿದ್ದವನನ್ನು ಎತ್ತಲು ಹಿಂದೆಯೇ ಇಳಿದವರೂ ಸಾಯುತ್ತಾರೆ. ಮೀನುಗಾರಿಕೆಯವರಿಗೆ ಇದು ಗೊತ್ತಿರುವ ಸಂಗತಿ, ಹೊಸಬರಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ವಿಂಚ್, ಬಲೆ ಸುತ್ತುವ ಡ್ರಮ್, ಹಿಂದಿನ ಗ್ಯಾಂಟ್ರಿ (ಬಲೆ ಎತ್ತುವ ಕಬ್ಬಿಣದ ಚೌಕಟ್ಟು) ಎಲ್ಲಾ ಕಳಚಿ ಗುಜರಿಗೆ ಹಾಕಿದೆವು. ಈಗ ಬೋಟು ಮೊದಲಿಗಿಂತ ಕೆಟ್ಟದಾಗಿ ಓಲಾಡುತ್ತದೆ, ಒಮ್ಮೆಲೇ ಜರ್ಕ್ ಹೊಡೆಯುತ್ತದೆ, ತಟ್ಟೆ ಲೋಟ ನಿಲ್ಲುವುದಿಲ್ಲ. ಭಾರ ಕಡಿಮೆಯಾದರೆ ಒಳ್ಳೆಯದಲ್ವಾ?

ಅಲ್ಲ. ಬಂದ ಪತ್ರಗಳಲ್ಲೆಲ್ಲ ಒಳ್ಳೆಯ ಪ್ರಶ್ನೆ ಇದು, ಕಳಚುವ ಮುಂಚೆ ಕೇಳಿದ್ದರೆ ಇನ್ನೂ ಚೆನ್ನಾಗಿತ್ತು.

ಮೀನಿನ ಬೋಟು ಹುಟ್ಟಿರುವುದೇ ಭಾರ ಹೊರಲು. ಟನ್‌ಗಟ್ಟಲೆ ಐಸ್, ಮೀನು, ಡೀಸೆಲ್ ತುಂಬಿದಾಗ ಅದು ಎಷ್ಟು ಮುಳುಗಬೇಕು, ಹೇಗೆ ಓಲಾಡಬೇಕು ಎಂದು ಲೆಕ್ಕ ಹಾಕಿ ಕಟ್ಟಿರುತ್ತಾರೆ. ನಾವು ಮೀನು ತೆಗೆದು ಮಂಚ ಇಡುತ್ತೇವೆ. ಮಂಚ ಐದು ಟನ್ ತೂಗುವುದಿಲ್ಲ. ಹೊರಗಿನಿಂದ ಅದೇ ಬೋಟು, ನೀರಿನ ಪಾಲಿಗೆ ಬೇರೆಯದೇ.

ನಿಮ್ಮಲ್ಲಿ ಆಗಿದ್ದು ಹೀಗೆ: ಎತ್ತರದಲ್ಲಿದ್ದ ಭಾರ ಹೋಯಿತು, ಬೋಟಿನ ತೂಕದ ಕೇಂದ್ರ ಕೆಳಗಿಳಿಯಿತು. ವಾಲಿದ ಕೂಡಲೇ ಅದು ರಭಸದಿಂದ ನೆಟ್ಟಗಾಗುತ್ತದೆ, ಅದೇ ಜರ್ಕ್. ಜೊತೆಗೆ ಎತ್ತರದ, ಬದಿಯ ಭಾರಗಳು ಓಲಾಟವನ್ನು ನಿಧಾನ ಮಾಡುತ್ತಿದ್ದವು, ಅದೂ ತಪ್ಪಿತು. ಮಗುಚುವ ಭಯ ಈ ರೀತಿಯ ಬೋಟಿಗೆ ಕಡಿಮೆ, ಆದರೆ ಒಳಗಿರುವವರ ಸೊಂಟ ಉಳಿಯಲ್ಲ. ನಿಜವಾಗಿ ಹೆದರಬೇಕಾದದ್ದು ಉಲ್ಟಾ ಜಾತಿಗೆ: ತೊಟ್ಟಿಲಿನ ಹಾಗೆ ನಿಧಾನಕ್ಕೆ ವಾಲಿ, ಅಲ್ಲೇ ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ವಾಪಸ್ ಬರುವ ಬೋಟು. ಮಲಗುವವರಿಗೆ ಹಾಯೆನಿಸುತ್ತದೆ. ಒಂದು ದಿನ ಅದು ವಾಪಸ್ ಬರುವುದಿಲ್ಲ.

ನಿಮ್ಮದು ಯಾವ ಜಾತಿ ಅಂತ ಅಂದಾಜಿಗೆ ನೀವೇ ನೋಡಬಹುದು. ಅಲೆಯಿಲ್ಲದ ಕಡೆ ಹಗ್ಗ ಸಡಿಲ ಬಿಟ್ಟು, ಒಂದು ಬದಿಗೆ ತೂಗಿ ಬಿಡಿ. ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬಂದರೆ ಒಂದು ಓಲಾಟ. ನಾಲ್ಕೈದು ಎಣಿಸಿ, ಒಂದಕ್ಕೆ ಎಷ್ಟು ಸೆಕೆಂಡ್ ಅಂತ ತೆಗೆಯಿರಿ. ಬೋಟಿನ ಅಗಲವನ್ನು ಮೀಟರಿನಲ್ಲಿ 0.8ರಿಂದ ಗುಣಿಸಿ, ಆ ಸೆಕೆಂಡಿನಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. ಅದೇ ಸುಮಾರಾಗಿ ಜಿಎಂ, ಅಂದರೆ ಬೋಟಿನ ಸ್ಥಿರತೆಯ ಅಳತೆ. 4.5 ಮೀಟರ್ ಅಗಲದ ಬೋಟು 4 ಸೆಕೆಂಡಿಗೆ ಓಲಾಡಿದರೆ ಜಿಎಂ ಸುಮಾರು 0.8 ಮೀಟರ್, ಬಹಳ ಗಡುಸು. ಅದೇ ಬೋಟು 6 ಸೆಕೆಂಡ್ ತೆಗೆದುಕೊಂಡರೆ 0.36. ಒಂದು ಡೆಕ್ಕಿನ ಮೀನುಗಾರಿಕೆ ಹಡಗಿಗೆ ಅಂತರರಾಷ್ಟ್ರೀಯ ನಿಯಮಗಳು ಹೇಳುವ ಕನಿಷ್ಠ ಮಿತಿ 0.35 ಮೀಟರ್. ಅಂದರೆ 6 ಸೆಕೆಂಡಿನ ಆ ಬೋಟು ಅಂಚಿನಲ್ಲೇ ನಿಂತಿದೆ.

ಇದು ಬರೀ ಅಂದಾಜು. ಪಕ್ಕಾ ಲೆಕ್ಕಕ್ಕೆ ನೇವಲ್ ಆರ್ಕಿಟೆಕ್ಟ್, ಅಂದರೆ ಹಡಗು ವಿನ್ಯಾಸದ ಇಂಜಿನಿಯರ್ ಬೇಕು. ಅವರು ಗೊತ್ತಿರುವ ತೂಕಗಳನ್ನು ಡೆಕ್ಕಿನ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಸಿ, ಬೋಟು ಎಷ್ಟು ವಾಲುತ್ತದೆ ಅಂತ ಅಳೆದು ಹೇಳುತ್ತಾರೆ. ಒಂದು ದಿನದ ಕೆಲಸ. ಈ ಇಡೀ ಉದ್ಯೋಗದಲ್ಲಿ ಯಾವ ಖರ್ಚನ್ನು ಉಳಿಸಿದರೂ ಇದನ್ನು ಉಳಿಸಬೇಡಿ.

ತಳಕ್ಕೆ ಕಾಂಕ್ರೀಟ್ ಸುರಿಯಿರಿ ಅನ್ನುವ ಸಲಹೆಗಾರರು ಎಲ್ಲಾ ಜೆಟ್ಟಿಯಲ್ಲೂ ಇರುತ್ತಾರೆ. ನಿಮ್ಮ ಬೋಟಿಗೆ ಅದು ಮಾಡಿದರೆ ಜರ್ಕ್ ಇನ್ನೂ ಜಾಸ್ತಿಯಾಗುತ್ತದೆ. ಮೇಲಾಗಿ ಕಾಂಕ್ರೀಟಿನ ಕೆಳಗೆ ತುಕ್ಕು ಹಿಡಿದರೆ ನೋಡಲೂ ಆಗದು, ತೆಗೆಯಲೂ ಆಗದು. ಮೂಲೆಯಲ್ಲಿ ಹಾಗೆ ಸುರಿದಿದ್ದನ್ನು ಒಡೆಯಲು ನನಗೆ ಒಂಬತ್ತು ದಿನ ಹಿಡಿಯಿತು. ಹೋಲ್ಡ್ ಖಾಲಿಯಾಗಿ ಪ್ರೊಪೆಲ್ಲರ್ ನೀರಿನ ಮೇಲ್ಮೈಗೆ ಹತ್ತಿರ ಬಂದಿದ್ದರೆ ಭಾರ ಬೇಕೇ ಬೇಕು. ಆದರೆ ಎಷ್ಟು, ಎಲ್ಲಿ, ಎಷ್ಟು ಎತ್ತರದಲ್ಲಿ ಅನ್ನುವುದನ್ನು ಲೆಕ್ಕ ಹೇಳಲಿ. ಕಬ್ಬಿಣದ ಅಥವಾ ಸೀಸದ ತುಂಡುಗಳನ್ನು ಇಡಿ, ತೆಗೆಯಲು ಬರುವಂತಿರಲಿ, ಬೋಟು ವಾಲಿದಾಗ ಜಾರದ ಹಾಗೆ ಕಟ್ಟಿ.

ಓಲಾಟ ತಗ್ಗಿಸಲು ಮೀನುಗಾರರದ್ದೇ ಹಳೆಯ ಉಪಾಯವಿದೆ. ಎರಡೂ ಬದಿಗೆ ಉದ್ದ ತೋಳು ಚಾಚಿ, ಅದರಿಂದ ಪ್ಯಾರಾವೇನ್ ಎಂಬ ಭಾರದ ರೆಕ್ಕೆಗಳನ್ನು ನೀರೊಳಗೆ ಇಳಿಬಿಡುವುದು. ಬೋಟು ವಾಲಿದಾಗ ಮೇಲೇಳುವ ಬದಿಯ ರೆಕ್ಕೆ ನೀರನ್ನು ಹಿಡಿದು ಎಳೆಯುತ್ತದೆ. ಇಂಜಿನ್ ಬೇಡ, ಕರೆಂಟ್ ಬೇಡ. ನಿಮ್ಮ ಬೋಟಿನ ತೋಳುಗಳೂ ಗುಜರಿಗೆ ಹೋದವಾ? ಹೋಗದಿದ್ದರೆ ಮಾರಬೇಡಿ.

ಟ್ಯಾಂಕಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಅರ್ಧ ತುಂಬಿದ ಅಗಲದ ಟ್ಯಾಂಕಿನಲ್ಲಿ ನೀರು ಬೋಟು ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಟ್ಯಾಂಕಿನ ನಡುವೆ ಉದ್ದಕ್ಕೆ ಒಂದು ಗೋಡೆ ಹಾಕಿ ಎರಡು ಸಮಭಾಗ ಮಾಡಿದರೆ ಈ ಪರಿಣಾಮ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಖಾಲಿ ಹೋಲ್ಡಿನಲ್ಲಿ ದೊಡ್ಡ ನೀರಿನ ಟ್ಯಾಂಕ್ ಇಡುವವರು ಇದನ್ನು ಮರೆಯಬೇಡಿ.

ಪ್ರಶ್ನೆ: ವೀಲ್‌ಹೌಸ್ (ಚುಕ್ಕಾಣಿ ಕೋಣೆ) ಮೇಲೆ ಗಾಜಿನ ಒಂದು ಹಾಲ್ ಕಟ್ಟಿ, ಮೇಲೆ ಕೂತು ಸಮುದ್ರ ನೋಡಬೇಕೆಂಬ ಆಸೆ.

ಕೆಳಗೇ ಕೂತು ನೋಡಿ. ಮೇಲಿನ ಪ್ರಶ್ನೆಯ ಉತ್ತರವನ್ನು ಇನ್ನೊಮ್ಮೆ ಓದಿದರೆ ಯಾಕೆಂದು ಗೊತ್ತಾಗುತ್ತದೆ. ಲೆಕ್ಕ ಹಾಕಿಸಿ, ಹಗುರ ಅಲ್ಯುಮಿನಿಯಂನಲ್ಲಿ, ಚಿಕ್ಕದಾಗಿ ಕಟ್ಟಿದವರಿದ್ದಾರೆ. ಹಾಲ್ ಅನ್ನುವ ಪದ ಬಂದ ಕೂಡಲೇ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗೇ, ಡೆಕ್ಕಿನ ಸುತ್ತಲಿನ ಎತ್ತರದ ಗೋಡೆಯ ಬುಡದಲ್ಲಿ ಕಿಂಡಿಗಳಿರುತ್ತವಲ್ಲ, ಮಕ್ಕಳ ಕಾಲು ಸಿಕ್ಕಿಕೊಳ್ಳುತ್ತದೆ ಎಂದು ಅವನ್ನು ವೆಲ್ಡ್ ಮಾಡಿ ಮುಚ್ಚಬೇಡಿ. ಅಲೆ ಡೆಕ್ಕಿಗೆ ನುಗ್ಗಿದಾಗ ನೀರು ಹೊರಹೋಗುವ ದಾರಿ ಅದೊಂದೇ. ಬೇಕಾದರೆ ಅಡ್ಡ ಸರಳು ಹಾಕಿ.

ಪ್ರಶ್ನೆ: ಇದೆಲ್ಲಾ ಹುಚ್ಚಾಟ ಅಂತಾರೆ ಮನೆಯವರು. ಮೀನಿನ ಬೋಟು ಬೇರೆ ಕೆಲಸಕ್ಕೆ ಬಂದ ಉದಾಹರಣೆ ಇದೆಯಾ?

ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ಮೊದಲ ರೇನ್‌ಬೋ ವಾರಿಯರ್ ಹಡಗು 1955ರಲ್ಲಿ ಬ್ರಿಟನ್ನಿನಲ್ಲಿ ಮೀನುಗಾರಿಕೆ ಸಂಶೋಧನೆಗೆಂದು ಕಟ್ಟಿದ ಟ್ರಾಲರ್. 1978ರಿಂದ ಅದು ಜನ ಉಳಿದುಕೊಂಡು ತಿಂಗಳುಗಟ್ಟಲೆ ಸುತ್ತುವ ಹಡಗಾಯಿತು. ಇವತ್ತು ಟ್ರಾಲರ್ ಯಾಟ್ ಎಂದು ಹೊಸದಾಗಿ ಕಟ್ಟಿ ಮಾರುವ ವಾಸದ ಬೋಟುಗಳ ಆಕಾರವೂ ಮೀನಿನ ಬೋಟಿನಿಂದಲೇ ಬಂದದ್ದು. ಹುಚ್ಚಾಟ ಅನ್ನುವುದನ್ನು ಮಾತ್ರ ನಾನು ಅಲ್ಲಗಳೆಯುವುದಿಲ್ಲ.

ಪ್ರಶ್ನೆ: ಹಳೆಯ ದೊಡ್ಡ ಡೀಸೆಲ್ ಇಂಜಿನ್ ಇದೆ. ತೆಗೆದು ಚಿಕ್ಕದು, ಹೊಸದು ಹಾಕಲೇ?

ಚೆನ್ನಾಗಿ ಓಡುತ್ತಿದ್ದರೆ ಮುಟ್ಟಬೇಡಿ. ನಿಧಾನಕ್ಕೆ ತಿರುಗುವ ಆ ಹಳೆಯ ಇಂಜಿನ್‌ಗಳು ನಮ್ಮನ್ನೂ ದಾಟಿ ಬದುಕುತ್ತವೆ, ಬಿಡಿಭಾಗ ಸಿಗುತ್ತದಾ ಎಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಬಹಳ ಮೀನಿನ ಬೋಟುಗಳಲ್ಲಿ ಕೀಲ್ ಕೂಲಿಂಗ್ ಇರುತ್ತದೆ, ಅಂದರೆ ಇಂಜಿನ್ ನೀರು ಬೋಟಿನ ಹೊರಮೈಗೆ ಅಂಟಿದ ಪೈಪಿನಲ್ಲಿ ಸುತ್ತಿ ತಣ್ಣಗಾಗುತ್ತದೆ, ಸಮುದ್ರದ ನೀರು ಇಂಜಿನ್ನಿಗೆ ಬರುವುದೇ ಇಲ್ಲ. ಕೆಸರಿನ ಬಂದರಲ್ಲಿ ನಿಲ್ಲುವವರಿಗೆ ಅದೊಂದು ವರ.

ಡೀಸೆಲ್ ಖರ್ಚು ಇಂಜಿನ್ ದೊಡ್ಡದಾಗಿರುವುದರಿಂದ ಏರುವುದಲ್ಲ, ಅವಸರದಿಂದ. ನೀರಿನ ಗೆರೆಯಲ್ಲಿ 12 ಮೀಟರ್ ಉದ್ದವಿರುವ ಭಾರದ ಬೋಟಿಗೆ ಸುಮಾರು 8.4 ನಾಟ್ (ಗಂಟೆಗೆ ಅಷ್ಟು ಸಮುದ್ರ ಮೈಲಿ) ವೇಗವೇ ಸಹಜ ಮಿತಿ, ಅದರಾಚೆ ತಳ್ಳಿದರೆ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತುತ್ತಾ ಕೂರುತ್ತದೆ. 6.5ಕ್ಕೆ ಇಳಿಸಿ, ಗಂಟೆಯ ಡೀಸೆಲ್ ಅರ್ಧಕ್ಕಿಂತ ಕೆಳಗೆ ಬರುತ್ತದೆ. ವಾಸಕ್ಕೆಂದು ಬೋಟು ಕೊಂಡವರಿಗೆ ಎಲ್ಲಿಗೆ ಹೋಗುವ ಆತುರ?

ನಿಂತಲ್ಲೇ ಬ್ಯಾಟರಿ ಚಾರ್ಜಿಗೆಂದು ಈ ದೊಡ್ಡ ಇಂಜಿನ್ನನ್ನು ಗಂಟೆಗಟ್ಟಲೆ ಐಡಲ್‌ನಲ್ಲಿ ಓಡಿಸುವುದು ಬೇಡ. ಭಾರವಿಲ್ಲದೆ ಓಡಿದರೆ ಸಿಲಿಂಡರಿನ ಒಳಮೈ ಗಾಜಿನಂತೆ ನುಣುಪಾಗಿ, ಆಯಿಲ್ ಸುಡಲು ಶುರುವಾಗುತ್ತದೆ.

ಪ್ರಶ್ನೆ: ಒಳಗೆ ಗೋಡೆಯೆಲ್ಲಾ ಬೆವರುತ್ತದೆ, ಹಾಸಿಗೆ ಕೆಳಗೆ ಬೂಷ್ಟು. ಎಲ್ಲೂ ಸೋರುತ್ತಿಲ್ಲ. ಗ್ಯಾಸ್ ಒಲೆ, ಬ್ಯಾಟರಿ ಬಗ್ಗೆಯೂ ಹೇಳಿ.

ಸೋರುತ್ತಿರುವುದು ನೀವೇ. ಉಸಿರು ಮತ್ತು ಮೈಯ ಬೆವರು ಸೇರಿ ಒಬ್ಬರಿಂದ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಗಾಳಿಗೆ ಸೇರುತ್ತದೆ. ಅಡುಗೆ ಗ್ಯಾಸ್ ಒಂದು ಕಿಲೋ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ. ಅದೆಲ್ಲಾ ಹೋಗಿ ತಣ್ಣನೆಯ ಕಬ್ಬಿಣಕ್ಕೆ ಅಂಟುತ್ತದೆ. ನೀರಿನ ಗೆರೆಯಿಂದ ಮೇಲೆ ಕಬ್ಬಿಣಕ್ಕೆ ಸಂದಿಯೇ ಇಲ್ಲದಂತೆ ಸ್ಪ್ರೇ ಫೋಮ್ ಹೊಡೆಸಿ, ಬಿಲ್ಜ್ ಮಾತ್ರ ತೆರೆದಿರಲಿ. ಫೋಮ್ ಇರುವ ಕಡೆ ಮುಂದೆ ಯಾರೂ ವೆಲ್ಡಿಂಗ್ ಮಾಡುವಂತಿಲ್ಲ, ಹೊಗೆ ವಿಷ, ಬೆಂಕಿ ಬೇಗ ಹಿಡಿಯುತ್ತದೆ. ಆದ್ದರಿಂದ ಪ್ಲೇಟ್ ಕೆಲಸ ಮುಗಿಸಿಯೇ ಫೋಮ್. ಹಾಸಿಗೆ ಕೆಳಗೆ ಹಲಗೆಗಳ ನಡುವೆ ಗಾಳಿಯಾಡುವ ಸಂದಿ ಬಿಡಿ. ಮಳೆಯಲ್ಲೂ ತೆರೆದಿಡಬಹುದಾದ ವೆಂಟಿಲೇಟರ್ ಎರಡು ಬೇಕು, ಒಂದು ಗಾಳಿ ಬರಲು, ಒಂದು ಹೋಗಲು.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದಾದರೂ ಸ್ವಲ್ಪ ಹೋಗಬಹುದು, ಬೋಟಿನಲ್ಲಿ ಬಿಲ್ಜಿಗೆ ಇಳಿದು ಒಂದು ಕಿಡಿಗೆ ಕಾಯುತ್ತದೆ. ಸಿಲಿಂಡರ್ ಡೆಕ್ಕಿನ ಮೇಲೆ, ತಳದಲ್ಲಿ ಹೊರಕ್ಕೆ ತೂತಿರುವ ಪೆಟ್ಟಿಗೆಯಲ್ಲಿರಲಿ, ಗ್ಯಾಸ್ ಅಲಾರಂ ನೆಲದ ಮಟ್ಟದಲ್ಲಿರಲಿ. ಮಲಗುವ ಕಡೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆಯೇ ಬೇಕು.

ಕರೆಂಟಿಗೆ ಮೊದಲು ಖರ್ಚಿನ ಲೆಕ್ಕ ಬರೆಯಿರಿ. ಬೋಟಿನ 12 ವೋಲ್ಟ್ ಫ್ರಿಜ್ ದಿನಕ್ಕೆ ಅರ್ಧದಿಂದ ಒಂದು ಯೂನಿಟ್ ತಿನ್ನುತ್ತದೆ. 12 ವೋಲ್ಟಿನ 200 ಆಂಪ್ ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 2.4 ಯೂನಿಟ್ ಇದ್ದರೂ ಅರ್ಧದಷ್ಟೇ ಬಳಸಬೇಕು, ಜಾಸ್ತಿ ಇಳಿಸಿದರೆ ಬೇಗ ಸಾಯುತ್ತದೆ. ಜೆಟ್ಟಿಯಿಂದ ಕರೆಂಟ್ ಎಳೆಯುವ ಕಬ್ಬಿಣದ ಬೋಟಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ಅಂದರೆ ದಡದ ತಂತಿಗೂ ಬೋಟಿನ ತಂತಿಗೂ ನೇರ ಸಂಪರ್ಕ ತಪ್ಪಿಸುವ ಟ್ರಾನ್ಸ್‌ಫಾರ್ಮರ್ ಹಾಕಿಸಿ. ಇಲ್ಲದಿದ್ದರೆ ಅರ್ತ್ ತಂತಿಯ ಮೂಲಕ ಪಕ್ಕದ ಬೋಟಿಗೂ ನಿಮ್ಮದಕ್ಕೂ ಸಂಬಂಧ ಬೆಳೆದು ನಿಮ್ಮ ಆನೋಡ್, ಆಮೇಲೆ ಪ್ಲೇಟು ಕರಗುತ್ತಾ ಹೋಗುತ್ತದೆ. ಆನೋಡ್ ಉಪ್ಪುನೀರಿಗೆ ಸತು, ಸಿಹಿನೀರಿಗೆ ಮೆಗ್ನೀಸಿಯಂ. ನದಿಗೆ ಬೋಟು ತಂದವರು ಇದನ್ನು ಬದಲಿಸಲು ಮರೆಯುತ್ತಾರೆ.

ಪ್ರಶ್ನೆ: ಕಾಗದಪತ್ರ?

ದುಡ್ಡು ಕೊಡುವ ಮುಂಚೆ ಮೂರು ಕಡೆ ಕೇಳಿ: ಬೋಟು ನೋಂದಣಿ ಮಾಡುವವರು, ಇನ್ಶೂರೆನ್ಸ್‌ನವರು, ಬೋಟು ನಿಲ್ಲಿಸುವ ಜಾಗದವರು. ಮೀನುಗಾರಿಕೆ ಎಂದು ನೋಂದಣಿಯಾದದ್ದನ್ನು ವಾಸಕ್ಕೆ ಬದಲಿಸಬೇಕು, ನಿಯಮ ದೇಶಕ್ಕೊಂದು. ಮೀನು ಹಿಡಿಯುವ ಲೈಸೆನ್ಸ್ ಬೋಟಿನ ಜೊತೆ ಬರುತ್ತದಾ ಇಲ್ಲವಾ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಎಷ್ಟೋ ಬಂದರುಗಳಲ್ಲಿ ಬೋಟು ನಿಲ್ಲಿಸಬಹುದು, ಆದರೆ ಅದರಲ್ಲಿ ವಾಸ ಮಾಡುವಂತಿಲ್ಲ. ಶೌಚದ ನೀರನ್ನು ದಡದ ಹತ್ತಿರ ಬಿಡುವುದಕ್ಕೂ ಬಹಳ ಕಡೆ ನಿಷೇಧವಿದೆ, ಅದನ್ನು ಹಿಡಿದಿಡುವ ಹೋಲ್ಡಿಂಗ್ ಟ್ಯಾಂಕಿಗೆ ಈಗಲೇ ಜಾಗ ಗುರುತು ಮಾಡಿ.

ಪ್ರಶ್ನೆ: ಮಲಗುವ ಕೋಣೆ ಮುಂಭಾಗದಲ್ಲೋ ಹೋಲ್ಡಿನಲ್ಲೋ?

ಹೋಲ್ಡಿನಲ್ಲಿ. ಬೋಟಿನ ನಡುಭಾಗ ಎಲ್ಲಕ್ಕಿಂತ ಕಡಿಮೆ ಕುಣಿಯುತ್ತದೆ, ಮೂತಿಯಲ್ಲಿ ಮಲಗಿದರೆ ಲಂಗರಿನ ಚೈನು ರಾತ್ರಿಯಿಡೀ ಕಿವಿಯ ಪಕ್ಕದಲ್ಲೇ ಮಾತಾಡುತ್ತದೆ. ಮಂಚ ಬೋಟಿನ ಉದ್ದಕ್ಕೆ ಇರಲಿ. ಅಡ್ಡಕ್ಕೆ ಮಲಗಿದರೆ ಪ್ರತಿ ಓಲಾಟಕ್ಕೂ ಒಮ್ಮೆ ತಲೆ ಮೇಲೆ, ಒಮ್ಮೆ ಕಾಲು ಮೇಲೆ. ಹೋಲ್ಡಿಗೂ ಇಂಜಿನ್ ರೂಮಿಗೂ ನಡುವಿನ ಗೋಡೆ ನೀರು ದಾಟದ ಗೋಡೆ, ಓಡಾಡಲು ಅನುಕೂಲ ಎಂದು ಅದರಲ್ಲಿ ಬಾಗಿಲು ಕೊರೆಯಬೇಡಿ. ಮಲಗುವ ಕಡೆಯಿಂದ ಹೊರಬರಲು ಎರಡು ದಾರಿ ಬೇಕು, ಒಂದರಲ್ಲಿ ಬೆಂಕಿಯಿದ್ದರೆ ಇನ್ನೊಂದು. ತಲೆಯ ಮೇಲೆ ಹಳೆಯ ಮೀನಿನ ಹ್ಯಾಚ್ ಇದೆಯಲ್ಲ, ಅದನ್ನು ಗಾಜು ಹಾಕಿ ಸೀಲ್ ಮಾಡಬೇಡಿ. ಒಳಗಿನಿಂದ, ಕತ್ತಲಲ್ಲಿ, ಒಂದೇ ಕೈಯಲ್ಲಿ ತೆರೆಯುವ ಹಾಗೆ ಮಾಡಿಸಿ, ಕೆಳಗೊಂದು ಏಣಿ ಬೋಲ್ಟ್ ಮಾಡಿಡಿ.